ಹಸಿರು ದಾರ

ನಮ್ಮ ಪ್ರಾಜೆಕ್ಟಿನ ಕಥೆಯನ್ನು ಸಸ್ಯಶಾಸ್ತ್ರದ ಸರ್ ಈಗಲೂ ಹೊಸ ಹುಡುಗರಿಗೆ ಹೇಳುತ್ತಾರಂತೆ: “ಮೂರು ಮಂದಿ ಇದ್ರು. ಒಬ್ಬಾಂವ ಮಾತಾಡಿದ, ಒಬ್ಬಾಕಿ ದುಡಿದ್ಲು, ಒಬ್ಬಾಂವ ಮಲಗಿದ.” ಮಾತಾಡಿದವನು ನಾನು. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನಿಗೆ ಇಂಥ ವಾಕ್ಯ ಕಂಡರೆ ನಾಲಗೆ ತುರಿಸುತ್ತದೆ. ಮಲಗಿದ, ಸರಿ, ಯಾವಾಗ? ದುಡಿದಳು, ಸರಿ, ಯಾವ ಹಂತದಲ್ಲಿ? ಮೂರು ತಿಂಗಳ ಕೆಲಸವನ್ನು ಒಂದು ದಿನದ ಫೋಟೋ ನೋಡಿ ಅಳೆಯಬಹುದೆ?

ಕೆಲಸ ಇಷ್ಟೇ. ನಮ್ಮ ಮೂವರಲ್ಲಿ ಒಬ್ಬಳಾದ ಶಮೀಮಳ ಖಾಲಾ, ಅಂದರೆ ಅವಳ ತಾಯಿಯ ತಂಗಿ, ಮೋಟೆಬೆನ್ನೂರಿನಲ್ಲಿ ರಾಣೆಬೆನ್ನೂರಿನ ಬೀಜದ ಕಂಪನಿಯೊಂದಕ್ಕೆ ಟೊಮೆಟೊ ಹೈಬ್ರಿಡ್ ಬೀಜ ಬೆಳೆಯುತ್ತಿದ್ದರು. ನಮಗೆಂದು ಎರಡು ಸಾಲು ಬಿಟ್ಟುಕೊಟ್ಟಿದ್ದರು. ಸಂಜೆ ಮೊಗ್ಗು ಬಿಡಿಸಿ ಅದರ ಗಂಡುಭಾಗವನ್ನು ಚಿಮುಟದಿಂದ ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಮುಟ್ಟಿಸಿದ ಮೇಲೆ ಹೂವಿನ ಬುಡದ ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸಬೇಕು. ಹಣ್ಣಾದಾಗ ಆ ಗುರುತೇ ಸಾಕ್ಷಿ. ಕಲಬೆರಕೆ ಸಿಕ್ಕರೆ ಕಂಪನಿ ಇಡೀ ಹೊಲದ ಬೀಜ ವಾಪಸ್ ಕಳಿಸುತ್ತದೆ. “ನಿಮ್ಮ ಹೊಲದ ಹೆಸರು ಕೆಡಸೂದಿಲ್ಲ” ಎಂದು ಶಮೀಮ್ ಖಾಲಾಗೆ ಮಾತು ಕೊಟ್ಟಿದ್ದಳು.

ಮೊದಲ ಹಂತದಲ್ಲಿ ನನ್ನನ್ನು ನೋಡಬೇಕಿತ್ತು. ಗೋಡೆಯಗಲದ ಚಾರ್ಟು, ಮೂರು ಬಣ್ಣದ ಪೆನ್ನು, ಪ್ರತಿ ಗಂಟೆಗೂ ಒಂದು ಹೆಸರು. ಬ್ಯಾಡಗಿಯ ಬಸವರಾಜ, ನಮ್ಮ ಬಸ್ಯಾ, ಮುಖದ ಮೇಲೆ ಟವೆಲ್ ಹಾಕಿಕೊಂಡು ಬದುವಿನ ಮೇಲೆ ಮಲಗಿದ್ದ. ಚಾರ್ಟು ಸಾಲದೆಂದು ನಾನು ಕ್ರಮವನ್ನೇ ತಿದ್ದಲು ಹೊರಟೆ.

“ಸಂಜೀ ಮುಂದ ಕತ್ರಿ ಕೈಯಾಗ ಇರತೈತಿ. ಆವಾಗ್ಲೇ ಎಸಳು ಕತ್ತರಿಸಿಬಿಟ್ರ ಬೆಳಿಗ್ಗಿ ಕೆಲಸ ಲಗೂ ಆಗತೈತಿ.”

“ಅದು ಮುಟ್ಟಿಸಿದ್ದರ ಗುರುತೋ,” ಅಂದಳು ಶಮೀಮ್. “ಮುಟ್ಟಸೂಕಿಂತ ಮೊದ್ಲ ಹೆಂಗ ಹಾಕ್ತಿ?”

“ಮುಂಜಾನೆ ಹೆಂಗೂ ಮುಟ್ಟಸ್ತೇವಲ್ಲ?”

ಟವೆಲಿನ ಕೆಳಗಿನಿಂದ ಬಸ್ಯಾ ಹೇಳಿದ: “ಶಮೀಮ್, ಹೂಂ ಅಂದುಬಿಡು. ಇವನ ಜೋಡಿ ವಾದಕ್ಕ ಇಳಿದ್ರ ಬ್ಯಾಡಗಿ ಬಸ್ ತಪ್ಪತೈತಿ.”

ಅವಳು ಹೂಂ ಅಂದಳು. ನಾನು ಗೆದ್ದೆ ಎಂದುಕೊಂಡೆ. ಚರ್ಚಾಸ್ಪರ್ಧೆಯಲ್ಲಿ ಪರ ಮತ್ತು ವಿರೋಧ ಎರಡೇ ಬೆಂಚು. ಸುಮ್ಮನಾದವರು ಎಲ್ಲಿ ಕೂರುತ್ತಾರೆಂದು ನಮಗೆ ಯಾರೂ ಕಲಿಸಿರಲಿಲ್ಲ.

ನಡುವಿನ ಹಂತ ಮಾತು ಬೇಡದ ಹಂತ. ಬಗ್ಗಬೇಕು, ಮುಟ್ಟಿಸಬೇಕು, ಮುಂದಿನ ಗಿಡಕ್ಕೆ ಹೋಗಬೇಕು. ಅಲ್ಲಿ ನಾನು ಶುದ್ಧ ನಿರುಪಯೋಗಿ. ಬೆನ್ನುನೋವಿನ ಕಾರಣಗಳನ್ನು ಮಾತ್ರ ಚೆನ್ನಾಗಿ ವಿಂಗಡಿಸುತ್ತಿದ್ದೆ. ಎರಡು ಬೆಳಿಗ್ಗೆ ಜಿಟಿಜಿಟಿ ಮಳೆ ಹಿಡಿದು ಪರಾಗ ಸಾಲಲಿಲ್ಲ. ಎಷ್ಟೋ ಹೂಗಳನ್ನು ಹಾಗೆಯೇ ಬಿಟ್ಟು ಬಂದೆವು. ಅವುಗಳ ಎಸಳನ್ನು ಹಿಂದಿನ ಸಂಜೆಯೇ ಕತ್ತರಿಸಿದ್ದೇವೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಗಂಡುಭಾಗ ಚೂರುಪಾರು ಉಳಿದಿತ್ತೋ, ಹುಳ ಪರಾಗ ತಂದಿತ್ತೋ, ಅವುಗಳಲ್ಲೂ ಬಹಳಷ್ಟು ಕಾಯಿ ಕಚ್ಚಿದವು.

ಹಣ್ಣು ಕೊಯ್ಯುವ ದಿನ ಖಾಲಾ ಸಾಲಿನುದ್ದಕ್ಕೂ ನಡೆದು ಬಂದು ನಿಂತರು. “ಮಳಿ ದಿನ ಎಷ್ಟೋ ಹೂವು ಬಿಟ್ಟಿದ್ರಿ, ಈಗ ನೋಡಿದ್ರ ಎಲ್ಲಾದಕ್ಕೂ ಗುರ್ತ ಐತಿ. ಖರೇದು ಯಾವುದು, ಸುಳ್ಳು ಯಾವುದು, ನೀವ ಹೇಳ್ರಪಾ. ಇಲ್ಲಂದ್ರ ಎರಡೂ ಸಾಲು ಕಿತ್ತು ಒಗೀತೇನಿ.”

ನಾನು ಚಾರ್ಟು ಬಿಡಿಸಿ ನೋಡಿದೆ, ಅದರಲ್ಲಿ ಗಂಟೆಗಳಿದ್ದವು, ಹೂಗಳಿರಲಿಲ್ಲ. ಶಮೀಮ್ ಕುಕ್ಕರುಗಾಲಲ್ಲಿ ಕೂತು ಎಲೆ ಸರಿಸಿದಳು. ಪರಾಗ ಮುಟ್ಟಿಸಿದ ಒಂದೊಂದು ಕಾಯಿಯ ತೊಟ್ಟಿಗೂ, ಮುಟ್ಟಿಸಿದ ಬೆನ್ನಿಗೇ ಅವಳು ಕಟ್ಟುತ್ತ ಬಂದಿದ್ದ, ನನ್ನ ಕಣ್ಣಿಗೆ ಒಮ್ಮೆಯೂ ಬೀಳದ ಸಣ್ಣ ಹಸಿರು ದಾರ. ದಾರವಿದ್ದದ್ದು ಬೀಜಕ್ಕೆ, ಇಲ್ಲದ್ದು ಸಾರಿಗೆ. ಹೊಲದ ಹೆಸರು ಉಳಿಯಿತು.

ಬಸ್ಯಾ ಎಚ್ಚರಗೊಂಡದ್ದು ಆಗಲೇ. ಮೂರು ದಿನ ರಾಣೆಬೆನ್ನೂರಿನ ಡಿಟಿಪಿ ಅಂಗಡಿಯಲ್ಲಿ ಕೂತು, ತಪ್ಪನ್ನೂ ಮುಚ್ಚಿಡದೆ, ವರದಿ ಪೂರ್ತಿ ಬರೆದ. “ನಿನ್ನ ವಾದಾನೂ ಹಾಕೇನಿ, ಒಂದ ಪ್ಯಾರಾ. ಅಚ್ಚಾದ ಮ್ಯಾಲೆ ಓದಿ ನೋಡು,” ಅಂದ. ಓದಿದೆ. ಅಚ್ಚಿನಲ್ಲಿ ಅದು ಬಹಳ ಪೆದ್ದಾಗಿ ಕಾಣುತ್ತಿತ್ತು. ಸರ್ ಹೇಳುವ ಮಲಗಿದವನು ಇವನೇ. ಅವನ ಹಂತ ಬಂದಿರಲಿಲ್ಲ, ಅಷ್ಟೇ.

ಶಮೀಮಳ ಹಂತ ಯಾವುದು ಎಂಬುದು ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಮೊನ್ನೆ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೇಳಿಯೇಬಿಟ್ಟೆ:

“ಖಾಲಾನ ಹೊಲಿಗಿ ಡಬ್ಬಿಯಾಗ ಕೆಂಪು ದಾರಾನೂ ಇತ್ತು, ನಾನ ನೋಡೇನಿ. ಎಲಿಯೊಳಗ ಕಾಣದಂಥಾ ಹಸಿರನ್ನ ಯಾಕ ತಗೊಂಡಿ, ಶಮೀಮ್?”