ಮುರ್ತುಜಾ ನೆಟ್ಟಗೆ ಮಾಡಿದ ಗೋಡೆ

ಆಳಂದದ ಬಸ್ ಸ್ಟ್ಯಾಂಡಿನ ಎದುರು ಫೋಟೋ ಸ್ಟುಡಿಯೋ ಇಟ್ಟಿರುವ ಮುರ್ತುಜಾನಿಗೆ ಸೊಟ್ಟಗಿರುವುದು ಏನು ಕಂಡರೂ ಮೈ ಉರಿಯುತ್ತದೆ. ಬೀಗರ ಮನೆಗೆ ಊಟಕ್ಕೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರ್ ಸರಿಪಡಿಸಿ ಆಮೇಲೆ ಸಲಾಮು ಹೇಳುವ ಆಸಾಮಿ. ಪಾಸ್‌ಪೋರ್ಟ್ ಫೋಟೋಗೆ ಬಂದವರ ಹೆಗಲು ಹಿಡಿದು ಎತ್ತಿ ಇಳಿಸುವುದನ್ನು ನೋಡಿದರೆ, ಎಲುಬು ಕೂಡಿಸುವವನ ಹತ್ತಿರ ಬಂದೆವೇನೋ ಅನ್ನಿಸಬೇಕು. "ನಿಕಾಹದ ದಿನ ನನ್ನ ಮುಖ ನೋಡೂದಕ್ಕಿಂತ ಮೊದಲು ಪೆಂಡಾಲಿನ ಕಂಬ ನೋಡ್ಯಾರ್ರಿ," ಎಂದು ಹೆಂಡತಿ ಮಸರತ ಇವತ್ತಿಗೂ ದೂರುತ್ತಾಳೆ.

ಇಂಥವನ ಕೈಗೆ ಕಂಪ್ಯೂಟರ್ ಸಿಕ್ಕಿತು. ಕ್ಯಾಮೆರಾ ಮೇಲಕ್ಕೆತ್ತಿ ತೆಗೆದ ಫೋಟೋದಲ್ಲಿ ಮನೆಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವಲ್ಲ, ಅದನ್ನು ಸರಿಮಾಡುವ ಸಾಫ್ಟ್‌ವೇರ್ ಅದರಲ್ಲಿತ್ತು. ಗೋಡೆಯ ಅಂಚಿನ ಮೇಲೆ ಒಂದು ಗೆರೆ ಎಳೆದು ಒತ್ತಿದರೆ ಸಾಕು, ಮನೆ ಎದ್ದು ನಿಲ್ಲುತ್ತದೆ. ಗೃಹಪ್ರವೇಶದ ಬ್ಯಾನರಿಗೆ ಮನೆ ಫೋಟೋ ಬೇಕಾದವರು ಅಫಜಲಪುರದಿಂದಲೂ ಅವನನ್ನು ಹುಡುಕಿಕೊಂಡು ಬರತೊಡಗಿದರು.

ಹಾಗೆಯೇ ಬಂದಳು ಪ್ಯಾರಿಬಿ. ತವರು ಆಳಂದ, ಕೊಟ್ಟದ್ದು ಜೇವರ್ಗಿ ತಾಲ್ಲೂಕಿನ ಕೊಳಕೂರಿಗೆ. ತವರಿನವನೆಂಬ ಮಮತೆಗೆ ಗೌಂಡಿ ಖಮರನನ್ನು ಇಲ್ಲಿಂದಲೇ ಕರೆಸಿ ಅಡುಗೆಮನೆ ಕಟ್ಟಿಸಿದ್ದಳು. ಕಟ್ಟಿದ ಗೋಡೆ ಒಲೆಯ ಕಡೆಗೆ ವಾಲಿತ್ತು. ನೆಟ್ಟಗೇ ಇದೆ ಎಂದು ಹೇಳಿ ಬಂದ ಖಮರ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವನನ್ನು ಗೊತ್ತುಮಾಡಿಕೊಟ್ಟವರು ತೊಗರಿ ವ್ಯಾಪಾರದ ವ್ಯಂಕಟೇಶರಾಯರು. ರಾಯರಿಗೆ ಮೊಣಕಾಲು ನೋವು, ಕೊಳಕೂರಿನ ತನಕ ಬಸ್ಸಿನಲ್ಲಿ ಹೋಗಲಾರರು. "ಫೋಟೋ ತಂದು ತೋರ್ಸು. ವಾಲಿದ್ರ ಅವನ ಕಡಿಂದಲೇ ಕೆಡವಿ ಕಟ್ಟಸ್ತೀನಿ," ಅಂದಿದ್ದರು.

"ಅದರ ಬುಡಕ್ಕ ಕುಂತು ರೊಟ್ಟಿ ಬಡಿತೀನಿ ಬೇಟಾ. ಎದಿ ಢವಢವ ಅಂತದ," ಎಂದಳು ಪ್ಯಾರಿಬಿ.

ಮುರ್ತುಜಾ ಕೂಡಲೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡ. ಕೊಳಕೂರಿಗೆ ಹೋಗಿ, ಹೊರಗಡೆ ಗೋಡೆಯ ಪಕ್ಕ ಅವಳನ್ನೂ ನಿಲ್ಲಿಸಿ ಫೋಟೋ ತೆಗೆದುಕೊಂಡು ಬಂದ.

ಸ್ಟುಡಿಯೋದಲ್ಲಿ ಕೂತು ತೆರೆದು ನೋಡಿದರೆ ಗೋಡೆ ವಾಲಿದೆ! ವಾಲಿದ್ದನ್ನು ತೋರಿಸಲೆಂದೇ ತೆಗೆದ ಫೋಟೋ ಎಂಬುದು ತಲೆಗೆ ಗೊತ್ತಿತ್ತೋ ಏನೋ, ಕೈಗಂತೂ ಗೊತ್ತಿರಲಿಲ್ಲ. ಗೆರೆ ಎಳೆದ, ಒತ್ತಿದ. ಗೋಡೆ ಸೆಟೆದು ನಿಂತಿತು. ಪಕ್ಕದ ಲೈಟಿನ ಕಂಬ ವಾಲಿತು. ನಮ್ಮ ಕಡೆ ನೆಟ್ಟಗಿರುವ ಕಂಬ ಎಲ್ಲಿದೆ, ಅಂದುಕೊಂಡ. ಪ್ಯಾರಿಬಿಯೂ ವಾಲಿದಳು. ವಯಸ್ಸಾಯಿತಲ್ಲ ಪಾಪ, ಅಂದುಕೊಂಡ. ಖುಷಿಯಿಂದ ದೊಡ್ಡದೊಂದು ಪ್ರಿಂಟ್ ಹಾಕಿದ.

ಮರುದಿನ ರಾಯರ ಅಂಗಡಿಯಲ್ಲಿ ಎಲ್ಲರೂ ಕೂಡಿದರು. ರಾಯರು ಕನ್ನಡಕ ಏರಿಸಿ ಫೋಟೋ ನೋಡಿದರು, ಪ್ಯಾರಿಬಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ಗೋಡಿ ನೆಟ್ಟಗೇ ಅದಲ್ಲವಾ ಪ್ಯಾರಿಬಿ. ನೀನೇ ವಾಲೀದಿ."

ಖಮರ ತೊಡೆ ತಟ್ಟಿಕೊಂಡು ನಕ್ಕ. "ನಾ ಹೇಳಲಿಲ್ಲೇನ್ರಿ? ಖಾಲಾ ಸೊಟ್ಟ ನಿಂತು ನೋಡ್ತಾಳ, ಗೋಡಿ ಸೊಟ್ಟ ಕಾಣ್ತದ!"

ಪ್ಯಾರಿಬಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ನಿಂತಳು. ಊರಿಗೆ ಹೋಗಿ ಮತ್ತೆ ಅದೇ ಗೋಡೆಯ ಬುಡದಲ್ಲಿ ಕೂರಬೇಕು. ಮುರ್ತುಜಾನಿಗೆ ಆಗ ಬುದ್ಧಿ ಬಂತು, ಜೊತೆಗೇ ನಾಚಿಕೆಯೂ ಬಂತು. ಬಾಯಿ ಬಿಟ್ಟರೆ ಕಸುಬಿನ ಮರ್ಯಾದೆ ಹೋಗುತ್ತದೆ, ಮುಚ್ಚಿಕೊಂಡರೆ ಮುದುಕಿಯ ತಲೆಯ ಮೇಲೆ ಗೋಡೆ ಬೀಳುತ್ತದೆ. ಹೋದರೆ ಹೋಗಲಿ ಎಂದು ಬಾಯಿ ಬಿಟ್ಟ.

"ರಾಯರ, ಖಾಲಾ ನೆಟ್ಟಗೇ ನಿಂತಿದ್ಳರಿ. ಗೋಡಿನ್ನ ನಾನೇ ಕಂಪ್ಯೂಟರದಾಗ ನೆಟ್ಟಗ ಮಾಡೀನಿ. ಚಟ ನೋಡ್ರಿ, ಕೈ ತಡೀಲಿಲ್ಲ."

ಹೆಗಲಿಗಿದ್ದ ಕ್ಯಾಮೆರಾ ತೆರೆದು ಮೂಲ ಫೋಟೋ ತೋರಿಸಿದ. ಅದರಲ್ಲಿ ಕಂಬ ನೆಟ್ಟಗಿತ್ತು, ಪ್ಯಾರಿಬಿಯೂ ನೆಟ್ಟಗಿದ್ದಳು. ಗೋಡೆಯೊಂದೇ ವಾಲಿತ್ತು.

ಖಮರನ ನಗು ನಿಂತಿತು, ಅಂಗಡಿಯ ಹಮಾಲರ ನಗು ಶುರುವಾಯಿತು.

ರಾಯರು ಮುರ್ತುಜಾನ ದೊಡ್ಡ ಫೋಟೋವನ್ನೇ ಎತ್ತಿ ಖಮರನ ಕೈಗೆ ಕೊಟ್ಟರು. "ಇದನ್ನ ತಗೊಂಡು ನಾಳೆ ಕೊಳಕೂರಿಗೆ ಹೋಗು. ಇದ್ರಾಗ ಹ್ಯಾಂಗ ಅದ, ಹಾಂಗೇ ಗೋಡಿ ಕಟ್ಟಿ ಬಾ."

ಪ್ಯಾರಿಬಿಯ ಮುಖ ಅರಳಿತು. ಖಮರನ ಕೈಯಿಂದ ಫೋಟೋ ಕಸಿದುಕೊಂಡು ಮುರ್ತುಜಾನ ಮೂಗಿನ ಮುಂದೆ ಹಿಡಿದಳು.

"ಗೋಡಿ ಅವ ಕಟ್ತಾನ. ಮೊದಲ ನೀ ನನ್ನ ನೆಟ್ಟಗ ನಿಂದರ್ಸು!"