ಉಳಿದುಹೋದ ಬೋಲ್ಟು

ನ್ಯಾಮತಿಯ ಪಿಯು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಮೇಡಂ. ನನ್ನ ವಿದ್ಯಾರ್ಥಿಯೊಬ್ಬ ವಿದೇಶದ ಕಾಲೇಜು ಸೇರಿದ್ದೇ ಸೇರಿದ್ದು, ಚನ್ನಗಿರಿ, ಹೊನ್ನಾಳಿ, ಜಗಳೂರಿನಿಂದೆಲ್ಲ ನಮ್ಮ ಮಕ್ಕಳಿಗೂ ಹೇಳಿಕೊಡಿ ಎಂದು ನನಗೆ ಫೋನು ಶುರುವಾಯಿತು. ನಾನು ಆ ಮಕ್ಕಳಿಗೆ ಕಲಿಸುವುದು ಮುಖ್ಯವಾಗಿ ಒಂದೇ, ತಮ್ಮನ್ನು ತಾವು ಹೊಗಳಿಕೊಳ್ಳುವುದು. ವಿದೇಶದ ಕಾಲೇಜುಗಳವರಿಗೆ ಅದಿಲ್ಲದೆ ಆಗುವುದಿಲ್ಲ. ನಮ್ಮ ಮಕ್ಕಳಿಗೋ, ಅದರಷ್ಟು ನಾಚಿಕೆಯ ಕೆಲಸ ಇನ್ನೊಂದಿಲ್ಲ.

ಗೋವಿನಕೋವಿಯ ಒಬ್ಬ ಹುಡುಗಿಯಂತೂ ನನ್ನ ತಲೆ ತಿಂದುಬಿಟ್ಟಳು. ಅವಳ ಅಮ್ಮ ಹಿಟ್ಟಿನ ಗಿರಣಿ ನಡೆಸುತ್ತಾರೆ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರೆ ಎಂಜಿನಿಯರಿಂಗ್ ಓದಲು ಹೊರಡುವುದು, ಇಲ್ಲವಾದರೆ ಇಲ್ಲ. ಎಲ್ಲವೂ ಒಂದು ವಿಡಿಯೊ ಸಂದರ್ಶನದ ಮೇಲೆ ನಿಂತಿತ್ತು. "ನಾನು ಜಾಣೆ ಅನ್ನು" ಎಂದು ನಾನು ಎಷ್ಟು ಗದರಿದರೂ ಅವಳದು ಒಂದೇ ಮಾತು: "ಅದನ್ನ ಬೇರೆಯೋರು ಹೇಳ್ಬೇಕು ಮೇಡಂ."

ಸಂದರ್ಶನದ ದಿನ ಅವರ ಮನೆಯಲ್ಲಿ, ಲ್ಯಾಪ್‌ಟಾಪಿನ ಹಿಂದೆ, ಉಸಿರು ಬಿಗಿಹಿಡಿದು ಕೂತಿದ್ದೆ. ಪರದೆಯ ಮೇಲಿದ್ದ ಹೆಂಗಸು ಕೇಳಿಯೇ ಬಿಟ್ಟರು, ನಿನ್ನಲ್ಲೇನು ವಿಶೇಷ ಎಂದು. ಹುಡುಗಿ, ಅಮ್ಮನನ್ನು ಕರೆಯಲೇ ಎಂದು ಕೇಳಿದಳು. ಬೇಡ ಬೇಡ ಎಂದು ನಾನು ಕೈಯಾಡಿಸುವಷ್ಟರಲ್ಲಿ ಅಮ್ಮ ಪಕ್ಕದ ಗಿರಣಿಯಿಂದ, ಮೈಮೇಲಿನ ಹಿಟ್ಟಿನ ಸಮೇತ, ಬಂದು ಕೂತಾಗಿತ್ತು. ಹುಡುಗಿ ಪ್ರಶ್ನೆಯನ್ನು ಅವರಿಗೆ ಕನ್ನಡದಲ್ಲಿ ಹೇಳಿದಳು.

"ಇವ್ಳು ಹಿಡಿದಿದ್ದು ಬಿಡಲ್ಲ ಕಣ್ರಿ. ಗಿರಣಿ ಕೆಟ್ರೆ ಮೆಕ್ಯಾನಿಕ್ ಬರೋದ್ರೊಳಗೆ ಎಲ್ಲಾ ಬಿಚ್ಚಿ ಹಾಕಿರ್ತಾಳೆ. ತಿರುಗಿ ಜೋಡ್ಸಾಕೂ ಬರ್ತೈತೆ. ಆದ್ರೆ ಒಂದು ಬೋಲ್ಟು ಉಳಿದೋಗೈತೆ ನೋಡ್ರಿ. ಗಿರಣಿ ಮಾತ್ರ ಓಡ್ತಾ ಐತೆ. ಹೆಂಗೋ ಏನೋ."

ಮುಗಿಯಿತು ಕಥೆ ಎಂದುಕೊಂಡೆ. ಹುಡುಗಿ ಬೋಲ್ಟನ್ನೂ ಬಿಡದೆ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಅಮ್ಮನ ಮಾತಲ್ಲವೇ, ನಾಚಿಕೆಯೇ ಆಗಲಿಲ್ಲ. ಆ ಹೆಂಗಸು ನಕ್ಕು ಬೋಲ್ಟು ತೋರಿಸು ಎಂದರು. ಅದು ಕಿಟಕಿಯಲ್ಲೇ ಇತ್ತು. ಅದನ್ನು ಕ್ಯಾಮೆರಾಕ್ಕೆ ಹಿಡಿದು, ಯಾವ ಜಾಗದ್ದಿರಬಹುದು, ಅದಿಲ್ಲದೆಯೂ ಗಿರಣಿ ಯಾಕೆ ಓಡುತ್ತಿದೆ ಎಂದು ತನಗೆ ತೋಚಿದ್ದನ್ನೆಲ್ಲ ಹೇಳುತ್ತಾ ಹೋದಳು. ನಾನಲ್ಲಿದ್ದೇನೆ ಎಂಬುದೂ ಅವಳಿಗೆ ಮರೆತುಹೋಗಿತ್ತು.

ಸ್ಕಾಲರ್‌ಶಿಪ್ ಸಿಕ್ಕಿತು. ಖುಷಿ ತಡೆಯಲಾಗದೆ ಸುದ್ದಿ ಹೇಳಲು ನಾನೇ ಗಿರಣಿಗೆ ಓಡಿದೆ. ತಾಯಿ ಮಗಳಿಬ್ಬರೂ ಅಲ್ಲೇ ಇದ್ದರು. ಅಮ್ಮ ಮೊದಲು ಮಗಳನ್ನು ನೋಡಿ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಅಲ್ಲಿ ಇವ್ಳ ಬಗ್ಗೆ ಹೇಳಾಕೆ ಯಾರಿರ್ತಾರೆ ಮೇಡಂ?"

ಉತ್ತರ ಕೊಟ್ಟವಳು ಹುಡುಗಿ.

"ನಾನೇ ಹೇಳ್ಕೊಂತೀನಿ ಬಿಡಮ್ಮ. ನೀನು ಹೇಳ್ದಂಗೇ."

"ಬೋಲ್ಟಿನ ವಿಷ್ಯ ಬ್ಯಾಡ."

"ಅದನ್ನೇ ಮೊದ್ಲು ಹೇಳ್ತೀನಿ."

ಅಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಖವೆಲ್ಲ ಹಿಟ್ಟಾಯಿತು.