ಸತ್ತ ಬೋರಿಗೆ ಇಳಿಸಿದ ಪೈಪು

ನಮ್ಮೂರ ಬಾವಿಯಲ್ಲಿ ನಾಯಿ ಬಿದ್ದು ಸತ್ತಿದೆ ಎಂದು ಊರಿಗೆಲ್ಲ ಹೇಳಿದವನು ನಾನು. ನಾಯಿ ಬಿದ್ದಿರಲಿಲ್ಲ. ಆ ಸುಳ್ಳು ಏಕೆ ಬೇಕಾಯಿತು ಎಂಬುದನ್ನು ಬರೆಯಬೇಕಾದರೆ ಶುದ್ಧ ನೀರಿನ ಘಟಕ ಕಟ್ಟಿಸಿದ ವರ್ಷಕ್ಕೆ ಹೋಗಬೇಕು.

ನವಲಗುಂದದ ಕಡೆಯ ಎರೆಹೊಲಗಳಲ್ಲಿ ಎಲ್ಲಿ ಬೋರು ಕೊರೆದರೂ ಸವುಳು ನೀರೇ ಬರುತ್ತದೆ. ನಮ್ಮೂರಲ್ಲಿ ಕೆರೆಯ ಏರಿಯ ಕೆಳಗಿನ ಒಂದು ಬಾವಿಯ ನೀರು ಮಾತ್ರ ಸಿಹಿ. ಕೆರೆಯ ನೀರು ಬಸಿದು ಅದಕ್ಕೆ ಇಳಿಯುತ್ತದೆ. ಊರು ಬೆಳೆದಂತೆ ಆ ಬಾವಿ ಸಾಲದಾಯಿತು. ಬೋರಿನ ನೀರನ್ನು ಶುದ್ಧ ಮಾಡುವ ಯಂತ್ರಕ್ಕೆ ಸರಕಾರದ ಹಣ ಬಂತು. ನಾನು ಹೈಸ್ಕೂಲು ಮುಗಿಸಿದವನು, ಅಧಿಕಾರಿಗಳ ಮುಂದೆ ನಾಲ್ಕು ಮಾತು ಆಡಬಲ್ಲವನು ಎಂದು ಊರವರು ನನ್ನನ್ನು ನೀರಿನ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು.

ಆ ಯಂತ್ರ ಮುಂದಿನ ನಳದಲ್ಲಿ ಒಳ್ಳೆಯ ನೀರು ಕೊಡುತ್ತದೆ, ಹಿಂದಿನ ಪೈಪಿನಲ್ಲಿ ಕೆಟ್ಟ ನೀರು ಬಿಡುತ್ತದೆ. ಬೋರಿನಲ್ಲಿದ್ದ ಉಪ್ಪು, ಹೊಲಗಳಿಂದ ಇಳಿದ ಗೊಬ್ಬರದ ವಿಷ ಎಲ್ಲ ಆ ಹಿಂದಿನ ನೀರಿನಲ್ಲಿ ಗಟ್ಟಿಯಾಗಿ ಸೇರಿರುತ್ತದೆ. ಅದನ್ನು ದೂರದ ಹಳ್ಳಕ್ಕೆ ಒಯ್ಯಲು ನೆಲದೊಳಗೆ ಪೈಪು ಹಾಕಬೇಕೆಂದು ಯೋಜನೆಯಲ್ಲೇ ಇತ್ತು, ಅದಕ್ಕೆ ಹಣವೂ ಇತ್ತು. ಆ ಪೈಪು ಹೋಗಬೇಕಾದದ್ದು ನನ್ನ ಹೊಲದ ನಡುವೆ. ಆಗ ನನ್ನ ಮೆಣಸಿನ ಗಿಡಗಳು ಹೂ ಹಿಡಿದಿದ್ದವು.

ನಾನು ಗುತ್ತಿಗೆದಾರನ ಮುಂದೆ ತಲೆ ಕೆರೆದುಕೊಂಡು ನಿಂತೆ. ಅವನಿಗೆ ಅರ್ಥವಾಯಿತು.

‘ಘಟಕದ ಬಾಜೂಕ ನೀರ ಬತ್ತಿ ಸತ್ತ ಬೋರ್ ಐತಲ್ರೀ ಅಧ್ಯಕ್ಷರ, ಅದರಾಗ ಇಳಿಸಿಬಿಡೂಣು. ಭೂತಾಯಿ ಎಲ್ಲಾ ನುಂಗ್ತಾಳ.’

‘ಬಾವಿ ಅಲ್ಲೇ ಸಮೀಪ ಐತಲ್ಲೋ.’

‘ಬೋರಿನ ಆಳ ಎಲ್ಲಿ, ಬಾವಿ ಆಳ ಎಲ್ಲಿ? ಅಗದಿ ಚಿಂತಿ ಬಿಡ್ರಿ.’

ನಾನು ಚಿಂತೆ ಬಿಟ್ಟೆ. ಪೈಪಿಗೆಂದು ಬಂದ ಹಣದಲ್ಲಿ ಘಟಕದ ಮುಂದೆ ಬಣ್ಣದ ಟೈಲ್ಸ್ ಹಾಕಿಸಿ, ನನ್ನ ಹೆಸರಿನ ಕರಿಕಲ್ಲು ಕೂಡಿಸಿದೆವು. ಆ ಸಲ ಮೆಣಸಿನಕಾಯಿ ಚೆನ್ನಾಗಿ ಬಂತು.

ಕೆಲವು ವರ್ಷಗಳ ನಂತರ ತಾಲೂಕಿನಿಂದ ಬಂದವರು ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋದರು. ಆಮೇಲೆ ಬಂದು ಬಾವಿಯ ಕಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆದರು. ಅವರಲ್ಲೊಬ್ಬ ಚಿಕ್ಕ ವಯಸ್ಸಿನ ಅಧಿಕಾರಿ ನನ್ನನ್ನು ಬದಿಗೆ ಕರೆದು, ‘ಈ ನೀರಿನಲ್ಲಿ ಗೊಬ್ಬರದ ವಿಷ ಇದೆ, ಹಸುಗೂಸಿಗೆ ಬಹಳ ಕೆಟ್ಟದ್ದು. ಕೂಸಿನ ರಕ್ತ ಉಸಿರು ಹಿಡಿಯುವುದಿಲ್ಲ, ಮೈ ನೀಲಿಯಾಗುತ್ತದೆ. ಕಾಯಿಸಿದರೆ ಇನ್ನೂ ಗಟ್ಟಿಯಾಗುತ್ತದೆ’ ಎಂದು ಹೇಳಿದ. ಅದು ಬಾವಿಗೆ ಎಲ್ಲಿಂದ ಬಂತು ಎಂದೂ ಕೇಳಿದ. ಗೊತ್ತಿಲ್ಲ ಎಂದೆ.

ಬಾವಿ ಸ್ವಚ್ಛ ಮಾಡಲು ಮತ್ತೆ ಹಣ ಬಂತು. ಆ ಕೆಲಸದ ಉಸ್ತುವಾರಿಯೂ ನನ್ನದೇ. ನೀರೆಲ್ಲ ಎತ್ತಿಸಿದೆ, ಹೂಳು ತೆಗೆಸಿದೆ, ಬ್ಲೀಚಿಂಗ್ ಪುಡಿ ಸುರಿಸಿದೆ, ಮೇಲೆ ನೀರು ಸೇದಲು ಬಾಗಿಲಿದ್ದ ಕಬ್ಬಿಣದ ಜಾಳಿಗೆ ಹಾಕಿಸಿದೆ, ಸುಣ್ಣ ಹಚ್ಚಿಸಿದೆ. ಕೆಂಪು ಅಕ್ಷರಗಳು ಸುಣ್ಣದ ಕೆಳಗೆ ಹೋದವು. ಬಾವಿ ಮದುಮಗಳ ಹಾಗೆ ಕಾಣುತ್ತಿತ್ತು. ಯಂತ್ರದ ನೀರು ಸಪ್ಪೆ ಎನ್ನುತ್ತಿದ್ದವರೆಲ್ಲ ಕೊಡ ಹಿಡಿದು ಬಾವಿಗೆ ಮರಳಿದರು. ಮೊದಲು ಅಕ್ಷರ ನೋಡಿಯಾದರೂ ಹೆದರುತ್ತಿದ್ದರು. ಆ ಹೆದರಿಕೆಯನ್ನು ಅಳಿಸಿದವನು ನಾನು. ಅತ್ತ ಘಟಕದ ಹಿಂದೆ, ಸತ್ತ ಬೋರಿನ ಬಾಯಲ್ಲಿ ಆ ಪೈಪು ಗುಳುಗುಳು ಎನ್ನುತ್ತಲೇ ಇತ್ತು. ಅದರ ಹತ್ತಿರ ಹಾಯುವಾಗ ನಾನು ಬೇಕೆಂದೇ ಜೋರಾಗಿ ಕೆಮ್ಮುತ್ತಿದ್ದೆ.

ಈ ವರ್ಷ ನನ್ನ ತಂಗಿಯ ಮೊಮ್ಮಗಳು ಹೆರಿಗೆಗೆ ಬಂದಳು. ಗಂಡು ಕೂಸು. ಬಾಣಂತನದ ವಾರಗಳು ಮುಗಿದ ಮೇಲೆ ನಮ್ಮಲ್ಲಿ ಗಂಗಿಪೂಜಿ ಮಾಡುತ್ತಾರೆ. ಬಾಣಂತಿ ಓಣಿಯ ಮುತ್ತೈದೆಯರೊಂದಿಗೆ ಬಾವಿಗೆ ಹೋಗಿ, ಅರಿಷಿಣ ಕುಂಕುಮ ಏರಿಸಿ, ತನ್ನ ಕೈಯಾರೆ ನೀರು ಸೇದಿ, ತಲೆಯ ಮೇಲೆ ಹೊತ್ತು ಮನೆಗೆ ತರಬೇಕು. ತಂದ ನೀರಿನ ಮೊದಲ ಹನಿ ಕೂಸಿನ ಬಾಯಿಗೆ. ನಳದ ನೀರಿಗೆ ಗಂಗವ್ವ ಬರುವುದಿಲ್ಲ ಎಂದು ಹೆಂಗಸರ ನಂಬಿಕೆ.

‘ನಾಳಿ ಸೋಮವಾರ ಪೂಜಿ. ನೀ ಬಾವಿ ಛಲೋ ಮಾಡ್ಸಿದ್ದು ಪುಣ್ಯಾ ಬಂತ ನೋಡಣ್ಣಾ’ ಎಂದಳು ತಂಗಿ.

ಆ ಅಧಿಕಾರಿಯ ಮಾತು ನೆನಪಾಯಿತು. ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮರುದಿನ ಬೆಳಗ್ಗೆ ಹೆಂಗಸರು ಆರತಿ ತಟ್ಟೆ ಹಿಡಿದು ಹೊರಡುವ ಹೊತ್ತಿಗೆ ಎದುರಿಗೆ ಹೋಗಿ ಕೈ ಅಡ್ಡ ಹಿಡಿದೆ.

‘ಹೋಗಬ್ಯಾಡ್ರವಾ, ಬಾವ್ಯಾಗ ನಾಯಿ ಸತ್ತು ಬಿದ್ದೈತಿ.’

‘ಜಾಳಿಗಿ ಹಾಕ್ಸೀರಲ್ರೀ ಕಾಕಾ, ನಾಯಿ ಹೆಂಗ ಬಿತ್ತು?’

‘ಬಾಗಲಾ ತೆರದಿತ್ತು.’

ಪೂಜೆ ನಿಂತಿತು. ಗೆದ್ದೆ ಎಂದುಕೊಂಡೆ. ಆದರೆ ನಾಯಿ ಸತ್ತ ಬಾವಿಯನ್ನು ಯಾವ ಊರೂ ಹಾಗೇ ಬಿಡುವುದಿಲ್ಲ. ಪಂಚಾಯತಿಯವರು ಮತ್ತೆ ಹಣ ತೆಗೆದು, ಅಣ್ಣಿಗೇರಿಯಿಂದ ಪಂಪು ತರಿಸಿ, ಇಡೀ ದಿನ ನೀರೆತ್ತಿಸಿದರು. ಅರ್ಧ ಊರು ಕಟ್ಟೆಯ ಸುತ್ತ ನೆರೆದಿತ್ತು. ತಳ ಕಂಡಿತು. ಒಂದು ಒಡೆದ ಕೊಡ, ಎರಡು ತೆಂಗಿನ ಚಿಪ್ಪು.

‘ನಾಯಿ ಎಲ್ಲೈತ್ರೀ ಕಾಕಾ? ಈಜಿ ಮ್ಯಾಲ ಬಂದು ಮನಿಗಿ ಹೋತೇನು?’ ಎಂದು ಪಂಪಿನವನು ಕೆಳಗಿನಿಂದ ಕೂಗಿದ.

‘ಕಾಕಾಗ ಕಣ್ಣಿನ ಪೊರಿ ಬಂದೈತಲೇ, ಮಾವಿನ ಗಿಡದ ನೆಳ್ಳ ನೋಡಿ ನಾಯಿ ಅಂದಾನ!’ ಎಂದ ನೆರೆದವರಲ್ಲೊಬ್ಬ.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬರಿದಾದ ಬಾವಿಯಲ್ಲಿ ಎರಡು ಕಡೆಯ ಕಲ್ಲುಸಂದಿಗಳಿಂದ ನೀರು ಒಸರುತ್ತಿತ್ತು. ಒಂದು ಕೆರೆಯ ಕಡೆ, ಇನ್ನೊಂದು ಘಟಕದ ಕಡೆ. ಘಟಕದ ಕಡೆ ಒಸರಿದ ಜಾಡಿನ ಉದ್ದಕ್ಕೂ ಕಲ್ಲಿನ ಮೇಲೆ ಬಿಳಿಯ ಹಕ್ಕಳೆ ಕಟ್ಟಿತ್ತು, ಹುಣ್ಣಿನ ಮೇಲೆ ಕಟ್ಟಿದ ಹಾಗೆ. ಎಲ್ಲರೂ ಅದನ್ನೇ ನೋಡುತ್ತಿದ್ದರು, ಯಾರಿಗೂ ಕಾಣುತ್ತಿರಲಿಲ್ಲ.

‘ಛಲೋನ ಆತು, ಮತ್ತೊಮ್ಮೆ ಸ್ವಚ್ಛ ಆತು. ಬರೂ ಸೋಮವಾರ ಪೂಜಿ ಮಾಡ್ರೆವಾ’ ಎಂದರು ಪಂಚಾಯತಿಯ ಹಿರಿಯರೊಬ್ಬರು.

ನಾನು ತಡೆದದ್ದು ಒಂದು ವಾರ ಮಾತ್ರ. ನನ್ನ ಸುಳ್ಳೇ ಬಾವಿಯನ್ನು ಇನ್ನಷ್ಟು ನಂಬುವಂತೆ ಮಾಡಿತ್ತು. ಕಟ್ಟೆ ಹಿಡಿದುಕೊಂಡು, ‘ನಾಯಿ ಬಿದ್ದಿಲ್ಲ’ ಎಂದೆ. ಇನ್ನೊಮ್ಮೆ ನಗೆ ಎದ್ದಿತು. ‘ಘಟಕದ ಹೊಲಸು ನೀರು ಸತ್ತ ಬೋರಿಗೆ ಬಿಡ್ಸೇನಿ. ನನ್ನ ಹೊಲಾ ಅಗೀಬಾರದಂತ. ಅದ ಈ ಬಾವಿಗಿ ಬರಾಕತ್ತೈತಿ. ಇದನ್ನ ಕೂಸಿಗಿ ಹಾಕಬ್ಯಾಡ್ರಿ.’

ನಗೆ ಎಲ್ಲಿ ನಿಂತಿತೋ ತಿಳಿಯಲಿಲ್ಲ. ಬೈಗುಳ ಬರುತ್ತದೆ, ಕಲ್ಲೂ ಬರಬಹುದು ಎಂದು ತಲೆ ತಗ್ಗಿಸಿ ನಿಂತೆ. ಬಂದದ್ದು ತಂಗಿಯ ದನಿ.

‘ಏನಂದಿ ಅಣ್ಣಾ?’

ಮತ್ತೆ ಹೇಳಿದೆ.

‘ಹಂಗಾರ ಬಾಣಂತಿಗಿ ಅಜಿವಾನದ ಕಾಳ ಹಾಕಿ ಕಾಸಿ ಕೊಟ್ಟಿದ್ದು ಇದ ನೀರಲ್ಲೋ. ಕೂಸಿಗಿ ಘುಟ್ಟಿ ತೇದ ಹಾಕಿದ್ದೂ ಇದ ನೀರು. ಯಂತ್ರದ ನೀರು ಥಂಡಿ ಅಂತ ನಾನ ಬ್ಯಾಡಂದೆ. ದಿನಾ ಹಾಕೇನಿ.’

ನಾನು ಪೂಜೆಯ ಒಂದು ಹನಿಯನ್ನು ತಡೆಯಲು ನಾಯಿಯ ಕಥೆ ಕಟ್ಟಿದ್ದೆ. ಬಜೆ, ಜಾಯಿಕಾಯಿಗಳನ್ನು ಸಾಣೆಯ ಮೇಲೆ ತೇದು ಕೂಸಿನ ನಾಲಗೆಗೆ ಹಚ್ಚುವ ಆ ಘುಟ್ಟಿ ನನ್ನ ಮನೆಯಲ್ಲೂ ಎಲ್ಲ ಮಕ್ಕಳಿಗೂ ಹಾಕಿದ್ದೇ. ಅದಕ್ಕೂ ನೀರು ಬೇಕೆಂಬುದು ನನಗೆ ಹೊಳೆದಿರಲಿಲ್ಲ.

ಅದೇ ಸಂಜೆ ಕೂಸನ್ನು ಹುಬ್ಬಳ್ಳಿಗೆ ಒಯ್ದರು. ಡಾಕ್ಟರು ಉಗುರು, ತುಟಿ ನೋಡಿದರು, ರಕ್ತ ತೆಗೆದುಕೊಂಡರು. ಆ ನೀರು ಪೂರಾ ನಿಲ್ಲಿಸಿ, ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ, ಬಣ್ಣ ಬದಲಾದರೆ ಆ ಕ್ಷಣ ಕರೆತನ್ನಿ ಎಂದರಂತೆ. ಇದನ್ನು ನನಗೆ ಹೇಳಿದವರು ಪಕ್ಕದ ಮನೆಯವರು.

ಈಗ ನನ್ನ ಹೊಲದಲ್ಲಿ ಪೈಪು ಹಾಯ್ದಿದೆ. ಬಾವಿಗೆ ಬೀಗ ಬಿದ್ದಿದೆ. ಇಷ್ಟು ವರ್ಷ ನೆಲಕ್ಕೆ ಕುಡಿಸಿದ್ದು ಯಾವಾಗ ತೊಳೆದುಹೋಗುತ್ತದೆ ಎಂದು ಬಂದ ಅಧಿಕಾರಿಗಳನ್ನು ಕೇಳಿದೆ. ಅದು ಮಳೆಯ ಮೇಲೆ ನಿಂತಿದೆ ಎಂದರು, ಮುಖ ನೋಡದೆ.

ತಂಗಿ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಬೆಳಗ್ಗೆ ಬಿಸಿಲು ಬಿದ್ದಾಗ ಅವಳು ಕೂಸನ್ನು ಅಂಗಳಕ್ಕೆ ತಂದು, ಬಟ್ಟೆ ಸರಿಸಿ, ತುಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ನಾನು ಎದುರಿಗೆ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ನನ್ನ ಕಣ್ಣಿಗೆ ಅಷ್ಟು ದೂರದಿಂದ ಬಣ್ಣ ತಿಳಿಯುವುದಿಲ್ಲ. ಅವಳ ಮುಖ ನೋಡಿ ತಿಳಿಯಲು ಯತ್ನಿಸುತ್ತೇನೆ. ನಿನ್ನೆ ಅವಳು ಎಂದಿಗಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಕೂಸನ್ನು ಒಳಗೆ ಒಯ್ದು ಬಾಗಿಲು ಹಾಕಿಕೊಂಡಳು.